ಬಲಭುಜದ ಹೊಲಿಗೆ

ನಡುಸಮುದ್ರ, ಮಂಗಳವಾರ
(ಇಲ್ಲಿ ಗಡಿಯಾರವನ್ನು ಆಗಾಗ ಹಿಂದಕ್ಕೆ ತಿರುಗಿಸುತ್ತಾರೆ, ವಾರ ತಪ್ಪಿದ್ದರೆ ನನ್ನನ್ನು ಬೈಯಬೇಡ)

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಮಂಡಿನೋವು ಹೇಗಿದೆ? ಅಂಗಡಿಯ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ನಿನ್ನ ಅಕ್ಕನಿಗೆ ಹೊಟ್ಟೆ ತೊಳಸುವುದು ನಿಂತಿದೆ. ಹಡಗು ನಮ್ಮ ಬೀದಿಗಿಂತ ದೊಡ್ಡದು. ಅಂಗಡಿಸಾಲು, ಈಜುಕೊಳ, ನಾಟಕದ ಮನೆ, ಎಲ್ಲ ಇದೆ. ಏನಾದರೂ ಹೊಸದು ಕಂಡ ಕೂಡಲೇ ನಿನಗೆ ಹೇಳೋಣವೆಂದು ತಿರುಗುತ್ತೇನೆ, ಪಕ್ಕದ ಮಂಚ ಖಾಲಿ.

ಮೊದಲ ದಿನವೇ ಊಟದ ಮೇಜಿನಲ್ಲಿ ಕೇಳಿದರು, ಈ ಇನ್ನೊಂದು ಕುರ್ಚಿ ಯಾರದೆಂದು. ಜಗಳವಾಡಿ ಬಿಟ್ಟುಬಂದೆ ಅನ್ನಲು ಬಾಯಿ ಬರಲಿಲ್ಲ. ತಂಗಿಗೆ ಸಮುದ್ರ ಒಗ್ಗಿಲ್ಲ, ಮಲಗಿದ್ದಾಳೆ ಅಂದುಬಿಟ್ಟೆ. ಅಂದಿನಿಂದ ಬಡಿಸುವವನು ದಿನಾ ನಿನಗೆಂದು ಕೋಣೆಗೆ ಸಪ್ಪೆ ಸೂಪು ಕಳಿಸುತ್ತಾನೆ. ಪಾಪ, ವಾಪಸ್ ಹೋದರೆ ಬೇಜಾರು ಮಾಡಿಕೊಂಡಾನೆಂದು ನಾನೇ ಕುಡಿಯುತ್ತೇನೆ. ನನಗೆ ತಕ್ಕ ಶಾಸ್ತಿ.

ಹೊರಡುವ ಹಿಂದಿನ ದಿನ ನೀನು ಹೊಲಿದುಕೊಟ್ಟ ನೀಲಿ ಕೋಟನ್ನು ಕತ್ತರಿಸುವ ಮೇಜಿನ ಮೇಲೆ ಹರಡಿ, ಗಿರಾಕಿಗಳ ಎದುರಿಗೇ ಏನೆಂದೆ ನಾನು? "ಸರಿಯಾಗಿ ಕತ್ತರಿಸಿ ಕೊಟ್ರೂ ಬಲಭುಜಾನ ಸೊಟ್ಟ ಮಾಡಿದ್ದೀಯಲ್ಲೇ! ಕಣ್ಣು ಕಾಣ್ಸಲ್ಲ ನಿಂಗೆ, ಇನ್ನು ಸೂಜಿ ಬಿಡು." ಜೀವಮಾನವಿಡೀ ನಾನು ಕತ್ತರಿಸಿದ್ದು, ನೀನು ಹೊಲಿದದ್ದು. ಸೂಜಿ ಹಿಡಿದವಳಿಗೆ ಆ ಮಾತು ಎಲ್ಲಿ ನಾಟುತ್ತದೆಂದು ನನಗೆ ಗೊತ್ತಿರಲಿಲ್ಲವೇ? "ಹಾಗಾದ್ರೆ ನೀನೊಬ್ಳೇ ಹೋಗು" ಅಂದೆ ನೀನು. ಹಡಗಿನ ಏಣಿ ತೆಗೆಯುವವರೆಗೂ ನೀನು ಬಂದೀಯೆಂದು ಕಂಬಿ ಹಿಡಿದು ನಿಂತಿದ್ದೆ. ಫೋನು ಕೈಯಲ್ಲೇ ಇತ್ತು. ಹಾಳು ಬಿಗುಮಾನ, ಬೆರಳು ಏಳಲಿಲ್ಲ.

ನಿನ್ನೆ ಸಂಜೆ ಗಾಳಿ ಜೋರಾಗಿತ್ತು, ಬೆಚ್ಚಗಿರುವುದು ಅದೊಂದೇ ಎಂದು ಆ ನೀಲಿ ಕೋಟು ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಎರಡೂ ಭುಜ ಒಂದೇ ಸಮ! ಅದನ್ನು ತೆಗೆದು ಹಳೆಯ ಕೋಟು ಹಾಕಿದೆ, ಬಲಗಡೆ ಜೋತುಬಿತ್ತು. ಭಾರದ ಕತ್ತರಿ ಆಡಿಸಿ ಆಡಿಸಿ ನನ್ನ ಬಲಭುಜವೇ ಇಳಿದುಹೋಗಿದೆ ಪುಟ್ಟೀ. ಊರವರ ಮೈಯೆಲ್ಲ ಅಳೆದವಳು ನನ್ನದನ್ನು ನೋಡಿಕೊಂಡಿರಲಿಲ್ಲ. ನೀನು ನೋಡಿದ್ದೆ. ಒಳಗೆ ಒಂದಿಷ್ಟು ಹೆಚ್ಚು ಹತ್ತಿ ತುಂಬಿ, ಹೊಲಿಗೆಯನ್ನು ಮೇಲಕ್ಕೆತ್ತಿ, ಹೇಳಿದರೆ ಅಕ್ಕನಿಗೆ ನೋವಾದೀತೆಂದು ಸುಮ್ಮನಿದ್ದೆ. ಎಲ್ಲರೆದುರು ಬೈಸಿಕೊಂಡಾಗಲೂ ನನ್ನ ಭುಜದ ಮಾತು ಎತ್ತಲಿಲ್ಲ. ಮಂಚದ ತುದಿಯಲ್ಲಿ ಕೂತು ನಾನು ಅತ್ತುಬಿಟ್ಟೆ.

ಅಂಗಡಿಯ ಬೆಕ್ಕನ್ನು ಕೇಳಿದೆನೆಂದು ಹೇಳು, ಮೇಲಿನ ಮನೆಯವರಿಗೂ ಹೇಳು. ನಿನ್ನ ಕಣ್ಣು ತಣ್ಣಗಿರಲಿ, ಕೈ ಗಟ್ಟಿಯಾಗಿರಲಿ.

ನಿನ್ನ ಬಾಯಿಬಡುಕಿ ಅಕ್ಕ

ತಾ.ಕ.: ಫೋಟೋ ಕಳಿಸುವುದು ನನಗೆ ಬಾರದೆಂದು ಕೋಣೆ ಗುಡಿಸುವ ಹೆಂಗಸು ಈ ಕಾಗದದ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸಲು ಕಾದು ನಿಂತಿದ್ದಾಳೆ. ಭಾನುವಾರ ಆಚೆ ದಡ ಮುಟ್ಟುತ್ತೇವೆ, ಎರಡು ದಿನ ನಿಂತು ಇದೇ ಹಡಗು ವಾಪಸ್ ಹೊರಡುತ್ತದೆ. ನಿನ್ನ ಮಂಚ ನಿನ್ನ ಹೆಸರಿನಲ್ಲೇ ಇದೆ. ವಿಮಾನ ಹತ್ತಿ ಬಂದುಬಿಡು. ಅವತ್ತು ಕರೆಯಬೇಕಿತ್ತು, ಈಗ ಕರೆಯುತ್ತಿದ್ದೇನೆ. ಬರುವಾಗ ಸೂಜಿ ದಾರ ಮರೆಯಬೇಡ, ನನ್ನ ಉಳಿದ ಕೋಟುಗಳ ಭುಜವನ್ನೂ ನೀನೇ ಎತ್ತಬೇಕು.