ಹಸಿ ತೊಗಲಿಗೆ ತಂಗಡಿ ನೀರು

ಮಾವ,

ನಿಮ್ಮ ದೊಡ್ಡ ಸೊಸೆ ಜಯಮ್ಮ ಬರೆಯುತ್ತಿದ್ದೇನೆ. ನೀವಿದ್ದಾಗ ನಿಮಗೆ ಎದುರು ಮಾತು ಆಡಿದವಳಲ್ಲ ನಾನು. ಆಡಿದ್ದು ಒಂದೇ ದಿನ, ಅದೂ ಆಡಬಾರದ ಮಾತು.

ಕಿಬ್ಬನಹಳ್ಳಿ ರಸ್ತೆ ಪಕ್ಕದ ಶೆಡ್ಡಿಗೆ ನಾನು ಕೆಲಸಕ್ಕೆ ಸೇರಿದ ದಿನ ನೆನಪಿದೆಯಾ? ಹದ ಮಾಡದ ಹಸಿ ತೊಗಲಿನಿಂದ ನಾರು ಬಿಡಿಸಿ, ಆ ನಾರನ್ನು ಹರಡಿ ಒಣಗಿಸಿ, ಬೂಟಿನೊಳಗೆ ಅಂಗಾಲಿಗೆ ಹಾಕುವ ಹಾಳೆ ಮಾಡುತ್ತಾರೆ ಅಂದಾಗ ಬಿದ್ದು ಬಿದ್ದು ನಕ್ಕಿರಿ. "ತೆಂಗಿನ ಮಟ್ಟೆ ನೆನೆಸಿ, ಬಡಿದು ನಾರು ತೆಗೆಯೋದು ಕಂಡಿವ್ನಿ. ತೊಗಲಿಗೂ ಅದೇ ಗತಿಯೇನವ್ವಾ?" ಅದೇ ಗತಿ, ಮಾವ. ಉಪ್ಪು ತೊಳೆದು, ಸುಣ್ಣದಲ್ಲಿ ಕೂದಲು ಉದುರಿಸಿ, ಆಸಿಡ್ ಬೆರೆಸಿದ ನೀರಲ್ಲಿ ಉಬ್ಬಿಸಿ ಮೆಷಿನ್ನಿಗೆ ಕೊಟ್ಟರೆ ತೊಗಲು ಎಳೆ ಎಳೆಯಾಗಿ ಬಿಡುತ್ತಿತ್ತು. ನಲವತ್ತು ವರ್ಷ ತೊಗಲು ಹದ ಮಾಡಿದ ನಿಮಗೆ ನಂಬಿಕೆ ಬರಲಿಲ್ಲ.

ಆ ಯುಗಾದಿಗೆ ಮೂರು ದಿನ ರಜ. ಕಾವಲಿಗೆ ನೀವೇ ಹೋದಿರಿ. ತೊಟ್ಟಿಯಲ್ಲಿ ಉಬ್ಬಿದ ತೊಗಲು ಕಂಡು, ಕೊಳೆಯುತ್ತಿದೆ ಅಂದುಕೊಂಡು, ನೀವು ತೊಗಲು ಹದಕ್ಕೆ ಹಾಕುತ್ತಿದ್ದ ತಂಗಡಿ ಗಿಡದ ತೊಗಟೆ ಚಕ್ಕೆ ಕುದಿಸಿ, ಆ ನೀರು ಸುರಿದುಬಿಟ್ಟಿರಿ. ನಿಮ್ಮ ಕೈಗೆ ಬೇರೆ ಏನು ಗೊತ್ತಿತ್ತು? ನಾವು ಬಂದು ನೋಡಿದರೆ ತೊಗಲೆಲ್ಲ ಕಂದು ತಿರುಗಿ ಗಟ್ಟಿಯಾಗಿ ಕೂತಿತ್ತು. ಮೆಷಿನ್ನಿನ ಹಲ್ಲಿಗೆ ಬಗ್ಗಲೇ ಇಲ್ಲ. ಹಾಳೆ ಸರಿ ಬರದಿದ್ದರೆ ಶೆಡ್ಡಿಗೆ ಬೀಗ ಅಂತ ಅದನ್ನು ನಡೆಸುವ ಸಾಹೇಬರು ಮೊದಲೇ ಹೇಳಿದ್ದರು. ಆ ಹೆದರಿಕೆಗೆ ನಾಲ್ಕು ಜನರ ಎದುರಿಗೇ ಅಂದೆ: "ನಿಮ್ಮ ಬುದ್ಧಿ ನಿಮ್ ಕಾಲಕ್ಕಾಯ್ತು ಮಾವ. ಇನ್ಮೇಲೆ ಈ ತೊಟ್ಟಿ ಹತ್ರ ಬರಬ್ಯಾಡಿ."

"ಹಸಿ ತೊಗಲ ಹಂಗೇ ಬುಟ್ರೆ ನೀರಿಗೆ ನಿಲ್ಲಕಿಲ್ಲ ಕಣವ್ವ," ಅಂದು ಕೈ ತೊಳೆದುಕೊಂಡು ಹೊರಟಿರಿ. ಆಷಾಢದಲ್ಲಿ ತೀರಿಕೊಳ್ಳುವವರೆಗೂ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ನಾನು ಬಡಿಸಿದ ಮುದ್ದೆ ಉಂಡಿರಿ, ಸಾರು ಚೆನ್ನಾಗಿದೆ ಅಂದಿರಿ. ಒಂದು ಸಲ ಬೈದಿದ್ದರೆ...

ಸಾಹೇಬರು ಇನ್ನೊಂದು ಅವಕಾಶ ಕೊಟ್ಟರು. ಹೊಸ ಹಾಳೆ ನೋಡಲು ಚೆನ್ನಾಗಿಯೇ ಬಂತು. ಅದನ್ನು ತಮ್ಮ ಬೂಟಿಗೇ ಹಾಕಿಕೊಂಡು ಒಂದು ದಿನವೆಲ್ಲ ತಿಪಟೂರಿನ ಕೊಬ್ಬರಿ ಮಂಡಿಗಳನ್ನು ಸುತ್ತಿ ಬಂದರು. ಸಂಜೆ ಬೂಟು ಬಿಚ್ಚಿದರೆ ಕಾಲುಚೀಲವೆಲ್ಲ ಅಂಟು. ಹಾಳೆ ಬೆವರಿಗೆ ಗಂಜಿಯಾಗಿತ್ತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನೀವು ಅಂದದ್ದು ಅದನ್ನೇ ಅಲ್ಲವಾ?

ಶೆಡ್ಡಿನ ಸೂರಿನಡಿ ನೀವು ಬಿಟ್ಟುಹೋದ ಚಕ್ಕೆಯ ಕಟ್ಟು ಹಾಗೇ ಇತ್ತು. ಕುದಿಸಿದೆ. ಈ ಸಲ ತೊಟ್ಟಿಗೆ ಸುರಿಯಲಿಲ್ಲ. ನಾರು ಬಿಡಿಸಿ ಹಾಳೆ ಮಾಡಿದ ಮೇಲೆ, ಆ ನೀರನ್ನು ತೆಳು ಮಾಡಿ, ಹಾಳೆಯನ್ನು ಅದ್ದಿ ನೆರಳಲ್ಲಿ ಒಣಗಿಸಿದೆ. ಆಮೇಲೆ ಒಂದು ಬಕೆಟ್ ನೀರಲ್ಲಿ ಮುಳುಗಿಸಿಟ್ಟೆ. ಮೂರನೇ ದಿನ ಎತ್ತಿದರೆ ಹಾಳೆ ಹಾಳೆಯಾಗಿಯೇ ಇತ್ತು. ಅಲ್ಲೇ ಕೂತು ಅತ್ತುಬಿಟ್ಟೆ ಮಾವ. ನಿಮ್ಮ ಮದ್ದು ಸರಿಯಿತ್ತು, ಹಾಕಿದ ಹೊತ್ತು ಮಾತ್ರ ತಪ್ಪಿತ್ತು. ಅದನ್ನು ತಾಳ್ಮೆಯಿಂದ ಹೇಳಿದ್ದರೆ ನೀವೇ ದಾರಿ ತೋರಿಸುತ್ತಿದ್ದಿರೇನೋ.

"ಯಾರಮ್ಮ ಹೇಳಿಕೊಟ್ಟದ್ದು?" ಅಂದರು ಸಾಹೇಬರು. "ನಮ್ಮ ಮಾವ. ಅವತ್ತು ನಾನು ಬೈದು ಕಳಿಸಿದ್ನಲ್ಲ, ಅವ್ರೇ," ಅಂದೆ. ಅವತ್ತಿದ್ದ ಅದೇ ನಾಲ್ಕು ಜನರ ಎದುರಿಗೇ ಅಂದೆ.

ಶೆಡ್ಡು ಉಳಿಯಿತು. ಆದರೆ ನಿಮ್ಮ ಚಕ್ಕೆ ಮುಗಿಯಿತು. ತೊಗಟೆ ಎಷ್ಟು ಬಲಿತಿರಬೇಕು? ನೀವು ಒಂದು ಚೂರು ಅಗಿದು, ಅದರ ಒಗರು ನೋಡಿ ಹೇಳುತ್ತಿದ್ದಿರಿ. ನಾನು ಕೇಳಿಟ್ಟುಕೊಳ್ಳಲಿಲ್ಲ. ನಾಳೆ ಮೊದಲ ಬಸ್ಸಿಗೆ ಬೋರನಕಣಿವೆ ಕಡೆಯ ಬಯಲಿಗೆ, ನೀವು ಹೋಗುತ್ತಿದ್ದ ಜಾಗಕ್ಕೇ ಹೋಗುತ್ತೇನೆ. ಒಂದೊಂದು ಗಿಡದ್ದೂ ನಾನೇ ಅಗಿದು ನೋಡುತ್ತೇನೆ.

ತಂದು ಕುದಿಸುವಾಗ ತೊಟ್ಟಿ ಹತ್ತಿರ ಬನ್ನಿ ಮಾವ. ಬರಬೇಡಿ ಅಂದವಳೇ ಕರೆಯುತ್ತಿದ್ದೇನೆ.