ಮತ್ಸುಯಾಮಾ ಹೆಸರಿನ ಎರಡು ಮನೆಗಳು

ಬೆಳಕು ಮರಳಿದ 240ನೇ ವರ್ಷ, ಆಗಸ್ಟ್ 14
ನಕ್ತೊಂಗ್ ನದಿಯ ದಂಡೆ, ಕೊರಿಯಾ

ಹಿರಿಯರಾದ ಪ್ಯೋ ಗಿ-ಹ್ವಾನ್ ಅವರಿಗೆ,

ನಾನು ನಿಮ್ಮ ಆರನೇ ತಲೆಮಾರಿನವಳು, ಪ್ಯೋ ಸೊ-ದಮ್. ತಾರೀಖು ನೋಡಿ ಗಾಬರಿಯಾಗಬೇಡಿ, ನಿಮ್ಮ ಪ್ರಕಾರ ಇದು 2185. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಜಪಾನಿನ ಆಳ್ವಿಕೆ ಮುಗಿದ ದಿನವನ್ನು ನೀವು ಗ್ವಾಂಗ್‌ಬೊಕ್, ಅಂದರೆ ಬೆಳಕು ಮರಳುವುದು, ಎನ್ನುತ್ತೀರಲ್ಲ, ನಾವು ವರ್ಷ ಎಣಿಸುವುದೂ ಅಲ್ಲಿಂದಲೇ. ನೀವು ಪ್ರತಿ ವರ್ಷ ಆ ದಿನ ಬಾಗಿಲಿಗೆ ಬಾವುಟ ಕಟ್ಟಿ, ಟಿವಿಯಲ್ಲಿ ಭಾಷಣ ಕೇಳಿ, ಮಧ್ಯಾಹ್ನ ನಿದ್ದೆ ಹೊಡೆಯುತ್ತಿದ್ದಿರಂತೆ. ನಾವು ಅಷ್ಟು ಸೋಮಾರಿಗಳಲ್ಲ.

ನಮ್ಮಲ್ಲಿ ಹೋರಾಡಿದವರ ಸಂತತಿಗೆ ಕೂಗುಮನೆ ಎಂದೂ, ಜಪಾನಿ ಪೊಲೀಸರಿಗೆ ಸುಳಿವು ಕೊಟ್ಟವರ ಸಂತತಿಗೆ ಮೂಕಮನೆ ಎಂದೂ ಹೆಸರು. ಆಗಸ್ಟ್ ಹದಿನೈದರ ನಡುಮಧ್ಯಾಹ್ನ ಕೂಗುಮನೆಯವರು ಎರಡೂ ಕೈ ಎತ್ತಿ ಮೂರು ಸಲ ‘ಮಾನ್ಸೆ’ ಎಂದು ಜಯಕಾರ ಹಾಕುತ್ತೇವೆ. ಮೂಕಮನೆಯವರು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಿಸಿಲಲ್ಲಿ ಮಂಡಿಯೂರುತ್ತಾರೆ. ಮಕ್ಕಳು ಅವರ ಮುಖಕ್ಕೆ ಕೆಸರು ನೀರು ಎರಚುತ್ತಾರೆ. ನಾನೂ ಎರಚಿದ್ದೇನೆ, ಖುಷಿಯಿಂದಲೇ. ಆ ಮನೆಗಳ ಹುಡುಗಿಯರಿಗೆ ಮೇಷ್ಟ್ರ ಕೆಲಸವಿಲ್ಲ, ನಮ್ಮಲ್ಲಿ ಸಂಬಂಧವೂ ಇಲ್ಲ.

ಪಕ್ಕದ ಮನೆಯ ಓಕ್ ಬೊಂಗ್-ನೆ ಅರವತ್ತು ವರ್ಷದಿಂದ ಮಂಡಿಯೂರುತ್ತಿದ್ದಾಳೆ. ತನ್ನ ಹಿರಿಯ ಸುಳಿವುಗಾರನಲ್ಲ, ಪೊಲೀಸರ ಏಟಿಗೆ ಸತ್ತವನು ಎಂದು ಒಮ್ಮೆ ನನ್ನೆದುರು ಅತ್ತಳು. ಎಲ್ಲರೂ ಹಾಗೇ ಹೇಳುತ್ತಾರಜ್ಜಿ, ಸುಮ್ಮನಿರಿ ಎಂದು ಗದರಿಸಿ ಕಳುಹಿಸಿದೆ.

ಅವಳು ಹೇಳಿದ್ದು ನಿಜ. ಎಲ್ಲರೂ ಜಪಾನಿ ಹೆಸರು ಇಟ್ಟುಕೊಳ್ಳಿ ಎಂಬ ಹುಕುಂ ಬಂದಾಗ ಓಕ್ ಮನೆಯವರೂ ನಮ್ಮ ಮನೆಯವರೂ ಎದುರಿನ ಪೈನ್ ಗುಡ್ಡ ನೋಡಿ ಮತ್ಸುಯಾಮಾ, ಪೈನ್‌ಗುಡ್ಡ, ಎಂದೇ ಬರೆಸಿದ್ದರು. ಪೊಲೀಸ್ ಕಡತದಲ್ಲಿ ಸುಳಿವುಗಾರನ ಹೆಸರೆಂದು ಇರುವುದು ಬರೀ ಮತ್ಸುಯಾಮಾ. ಮುಂದೆ ಮೂಕಮನೆಗಳ ಪಟ್ಟಿ ಮಾಡಿದವರು ಅದನ್ನು ಓಕ್ ಮನೆಯ ತಲೆಗೆ ಕಟ್ಟಿದರು. ಆದರೆ ಸುಳಿವು ಕೊಟ್ಟವನು ನಿಮ್ಮ ತಾತ. ಠಾಣೆಯವರು ಅವನಿಗೆ ಕೊಟ್ಟ ಮೆಚ್ಚುಗೆ ಪತ್ರದಲ್ಲಿ ಪ್ಯೋ ಎಂಬ ಹಳೆಯ ಹೆಸರೂ ಇದೆ. ನಿಮ್ಮ ಕಾಲದಲ್ಲಿ ಅದು ನಿಮ್ಮ ಮನೆಯ ಅಕ್ಕಿಪೆಟ್ಟಿಗೆಯ ತಳದಲ್ಲಿದೆ. ನೀವು ಜೋಪಾನ ಮಾಡಿದ್ದರಿಂದಲೇ ನನ್ನವರೆಗೂ ಬಂತು. ನಾನು ಸುಡುವಂತಿಲ್ಲ. ಹಳೆಯ ಕಾಗದಗಳಿಗೆಲ್ಲ ಸರ್ಕಾರದ ಮುದ್ರೆ ಬಿದ್ದಿದೆ, ಮುಂದಿನ ತಿಂಗಳು ಅಧಿಕಾರಿಗಳು ಓದಲು ಬರುತ್ತಾರೆ.

ನೀವು ಸುಡಬಹುದು. ನನ್ನ ಮೊಮ್ಮಗಳು ನಾ-ರಿಮ್‌ಗೆ ಆರು ವರ್ಷ, ನಾಳೆ ಮೊದಲ ಸಲ ಕೂಗುತ್ತಾಳೆ. ಓಕ್ ಅಜ್ಜಿಗೂ ಅದೇ ವಯಸ್ಸಿನ ಮೊಮ್ಮಗಳಿದ್ದಾಳೆ, ನನಗೆ ಗೊತ್ತಿಲ್ಲದ್ದೇನಲ್ಲ. ನಾಚಿಕೆಯೂ ಆಗುತ್ತದೆ. ಆದರೆ ಆ ಮಗು ತನ್ನ ಬಾಯಿಗೆ ತಾನೇ ಬಟ್ಟೆ ಕಟ್ಟಿಕೊಳ್ಳುವುದನ್ನು ಕಲಿತಾಗಿದೆ. ನಮ್ಮದಕ್ಕೆ ಕಲಿಸಲು ನನ್ನಿಂದಾಗದು. ಸುಟ್ಟುಬಿಡಿ.