ಒಳಗಿಳಿದು ನೋಡು

ಮನೆಯಿಂದ,
ಮಂಗಳವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊದಲು ಕಣ್ಣಿನ ವಿಷಯ ಹೇಳು. ಈಗಲೂ ವೆಲ್ಡಿಂಗಿಗೆ ಕೂತಾಗ ಮುಖದ ಶೀಲ್ಡ್ ಇಳಿಸುವ ಮೊದಲೇ ರಾಡ್ ಮುಟ್ಟಿಸಿಬಿಟ್ಟು, ಆಮೇಲೆ ಕಣ್ಣಿಗೆ ಮರಳು ಎರಚಿದ ಹಾಗಾಗಿದೆ ಎಂದು ಒದ್ದೆ ಬಟ್ಟೆ ಕೇಳುತ್ತೀಯಾ, ಅಥವಾ ಸ್ವಲ್ಪ ಬುದ್ಧಿ ಬಂದಿದೆಯಾ? ಸೊಂಟ ಹೇಗಿದೆ? ನಮ್ಮ ಟ್ಯಾಂಕ್ ಯಾರ್ಡಿನ ಕ್ರೇನ್ ಡ್ರೈವರ್ ಹೋದ ತಿಂಗಳು ನೀನಿರುವ ಊರಿಗೆ ಬಂದಿದ್ದಾಗ ನಿನ್ನನ್ನು ಕಂಡನಂತೆ. ಕಿಟಕಿ ಗ್ರಿಲ್ ಮಾಡುವ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆಯಂತೆ, ತಲೆ ಅರ್ಧ ಬೆಳ್ಳಗಾಗಿದೆಯಂತೆ, ಅವನ ಗುರುತು ಸಿಕ್ಕಿದ್ದೇ ಶೀಲ್ಡ್ ಇಳಿಸಿಕೊಂಡೆಯಂತೆ. ಅಂಗಡಿಯ ಬೋರ್ಡು ನೋಡಿ ವಿಳಾಸ ಬರೆದುಕೊಂಡು ಬಂದವನು ಅವನೇ. ಅವನ ಮೇಲೆ ಸಿಟ್ಟಾಗಬೇಡ. ಟ್ಯಾಂಕಿನ ಜಾಯಿಂಟ್ ಮಾಡುತ್ತಿದ್ದ ಕೈ ಗ್ರಿಲ್ಲಿಗೆ ಚುಕ್ಕೆ ಹಾಕುತ್ತಿದೆ ಎಂದು ಕೇಳಿ ನನಗೆ ಅವತ್ತು ಊಟ ಸೇರಲಿಲ್ಲ.

ಅಮ್ಮ ಇದ್ದಾಳೆ. ಮಂಡಿನೋವು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಹೊಲಿಗೆ ಮೆಷಿನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಿದ್ದಾಳೆ, ಬೆಳಕು ಸಾಲುವುದಿಲ್ಲವೆಂದು. ಸೂಜಿಗೆ ದಾರ ಪೋಣಿಸುವುದು ಈಗಲೂ ನನ್ನದೇ ಕೆಲಸ. ನಾಲ್ಕು ವರ್ಷದವಳಾಗಿದ್ದಾಗ ಒಂದೇ ಸಲಕ್ಕೆ ಪೋಣಿಸಿದೆನೆಂದು ನೀನು ಇಟ್ಟ ‘ಸೂಜಿ’ ಎಂಬ ಹೆಸರನ್ನು ಅಮ್ಮ ಬಿಟ್ಟಿಲ್ಲ. ಬೇರೆ ಕೆಲಸದಲ್ಲಿದ್ದರೂ ‘ಸೂಜೀ’ ಎಂದು ಕೂಗಿ ಕರೆಯುತ್ತಾಳೆ. ನಿನ್ನ ಹೆಸರು ಮಾತ್ರ ಎತ್ತುವುದಿಲ್ಲ. ನಿನ್ನ ತಟ್ಟೆ ಮೇಲಿನ ಶೆಲ್ಫಿನಲ್ಲಿ ಬೋರಲಾಗಿದೆ. ತಾನು ಹೆತ್ತವನ ಅಜಾಗ್ರತೆಯಿಂದ ಒಬ್ಬರ ಮನೆ ಹಾಳಾಯಿತು ಎಂಬುದೇ ಅವಳ ಎದೆಯಲ್ಲಿ ಕೂತಿದೆ. ನಾನು ಅದನ್ನು ಏಳು ವರ್ಷದಿಂದ ನೋಡುತ್ತಾ, ದಾರ ಪೋಣಿಸಿ ಕೊಡುತ್ತಾ ಬಂದಿದ್ದೇನೆ.

ನನ್ನ ಸುದ್ದಿ ಏನೆಂದರೆ, ಈ ವರ್ಷಕ್ಕೆ ನನ್ನ ವೆಲ್ಡಿಂಗ್ ಇನ್ಸ್‌ಪೆಕ್ಟರ್ ಸರ್ಟಿಫಿಕೇಟಿಗೆ ಒಂಬತ್ತು ತುಂಬುತ್ತದೆ. ಮೂರನೇ ವರ್ಷ, ಆರನೇ ವರ್ಷ ಫಾರ್ಮ್ ತುಂಬಿ, ಕಣ್ಣು ತೋರಿಸಿ, ಕೆಲಸ ಬಿಟ್ಟಿಲ್ಲವೆಂದು ಮೇಲಿನವರಿಂದ ಬರೆಸಿಕೊಟ್ಟರೆ ಸಾಕಿತ್ತು. ಒಂಬತ್ತಕ್ಕೆ ಮಾತ್ರ ಪ್ರಾಕ್ಟಿಕಲ್ ಪರೀಕ್ಷೆಗೆ ಮತ್ತೆ ಕೂರಬೇಕು. ಕೂತೆ, ಪಾಸೂ ಆದೆ. ಮೇಜಿನ ಮೇಲೆ ಅದೇ ಪ್ಲಾಸ್ಟಿಕ್ಕಿನ ಮಾದರಿ ಜಾಯಿಂಟುಗಳು, ಅದೇ ಅಳತೆ ಗೇಜುಗಳು. ಮನೆಯಲ್ಲಿ ಓದಲು ತೆಗೆದ ನಿಯಮದ ಪುಸ್ತಕ ಮಾತ್ರ ನಮ್ಮದೇ ಹಳೆಯದು. ಅಮ್ಮನ ಚಿಂದಿ ಬಟ್ಟೆ ಕತ್ತರಿಸಿ ನೀನು ಅಂಟಿಸಿದ ಗುರುತುಗಳು ಹಾಗೇ ಇವೆ: ಬಿರುಕಿಗೆ ಕೆಂಪು, ಗಾಳಿಗುಳ್ಳೆಗೆ ಹಳದಿ, ಅಳತೆಗೆ ನೀಲಿ. ಕೆಂಪು ಬಣ್ಣ ಹೋಗಿ ಗುಲಾಬಿಯಾಗಿದೆ. ಯಾರ್ಡಿನಿಂದ ಕೆಟ್ಟ ಜಾಯಿಂಟುಗಳನ್ನು ಕತ್ತರಿಸಿ ಪೇಪರಿನಲ್ಲಿ ಸುತ್ತಿ ತಂದು, ಅಡುಗೆಮನೆ ಮೇಜಿನ ಮೇಲೆ ಹರವಿ, ಎಲ್ಲಿ ಕೆಟ್ಟಿದೆ ಹೇಳು ನೋಡೋಣ ಎಂದು ಕಾಡುತ್ತಿದ್ದೆಯಲ್ಲ. ಮೊದಲ ಸಲ ನಾನು ಫೇಲಾಗಿ ಮೂಲೆ ಹಿಡಿದು ಕೂತಾಗ ನೀನಂದಿದ್ದು, “ಮೊಸರಲ್ಲಿ ಕಲ್ಲು ಹುಡುಕೋಕೆ ಸಂಬಳ ಕೊಡ್ತಾರೆ ಕಣೇ. ನಿನಗೆ ಅದು ಹುಟ್ತಾನೇ ಬಂದಿದೆ, ಬಿಡಬೇಡ.”

ಕಣ್ಣಿನ ಡಾಕ್ಟರು ಚಿಕ್ಕ ಅಕ್ಷರದ ಕಾರ್ಡನ್ನು ಒಂದು ಅಡಿ ದೂರದಲ್ಲಿ ಹಿಡಿದರು. ಕೊನೆಯ ಸಾಲಿನವರೆಗೂ ತಡವರಿಸದೆ ಓದಿದೆ. ಇಷ್ಟು ಒಳ್ಳೆಯ ಕಣ್ಣು ಈ ವಯಸ್ಸಿಗೆ ಅಪರೂಪ ಎಂದು ಹೊಗಳಿದರು. ನನಗೆ ಅಳು ಬಂತು, ಔಷಧಿ ಉರಿಯುತ್ತಿದೆ ಎಂದೆ. ಔಷಧಿಯನ್ನೇ ಹಾಕಿರಲಿಲ್ಲ ಅವರು. ಕಾಣುತ್ತದೆಯೇ ಎಂದು ಮೂರು ವರ್ಷಕ್ಕೊಮ್ಮೆ ಕೇಳುತ್ತಾರೆ ಅಣ್ಣಾ, ನೋಡಿದೆಯಾ ಎಂದು ಯಾರೂ ಕೇಳುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ. ಎಲ್ಲಾದರೂ ಒಂದು ಕಡೆ ನನ್ನ ಕೈಯಲ್ಲೇ ಬರೆದಿರಬೇಕು. ಸರ್ಟಿಫಿಕೇಟಿನ ಎರಡನೇ ವರ್ಷ, ಆ ದೊಡ್ಡ ಟ್ಯಾಂಕು, ತಳದ ಪೈಪಿನ ಜಾಯಿಂಟು. ನೀನು ಮುಗಿಸಿ ಹೊರಬಂದು, ಪಕ್ಕದಲ್ಲಿ ನಿನ್ನ ಗುರುತಾದ ಹದಿನೇಳನೇ ನಂಬರಿನ ಪಂಚ್ ಹೊಡೆದು, ಯಾವತ್ತಿನ ಹಾಗೆ ಚಿಪ್ಪಿಂಗ್ ಸುತ್ತಿಗೆಯಿಂದ ಮೂರು ಸಲ ತಟ್ಟಿದೆ. ನಿನ್ನ ಕೆಲಸ ಮುಗಿಯಿತು, ಇನ್ನು ನನ್ನದು ಎಂದು ಅದರ ಅರ್ಥ. ಆಮೇಲೆ ಮುಖ ಒರೆಸಿಕೊಳ್ಳುತ್ತಾ ಹೇಳಿದೆ, “ಒಳಗಿಳಿದು ನೋಡು. ಬೇರಿನ ಸುತ್ತಿನಲ್ಲಿ, ಮೊದಲನೇ ಬೆಸುಗೆಯಲ್ಲೇ, ಕೈ ಒಂದು ಕಡೆ ಎಡವಿತು ಅನ್ಸುತ್ತೆ, ನನಗೆ ಸಮಾಧಾನ ಇಲ್ಲ.” ನಾನು ನಕ್ಕೆ. ಟ್ಯಾಂಕಿನ ಬಾಯಿ ಇಕ್ಕಟ್ಟು, ಒಳಗೆ ಕಾವು, ನಾನು ಹೊಸ ಅಂಗಿ ಹಾಕಿಕೊಂಡು ಬಂದಿದ್ದೆ. ನಿನ್ನ ಕೈಯ ಜಾಯಿಂಟನ್ನು ನೋಡುವುದು ನಿನಗೇ ಅವಮಾನ ಮಾಡಿದ ಹಾಗೆ ಎಂದು ತಮಾಷೆ ಮಾಡಿ, ಹೊರಗೆ ನಿಂತೇ, ನೋಡಿದ್ದೇನೆಂಬ ಸೀಲು ಒತ್ತಿದೆ. ಬೇರೆಯವರ ಕೆಲಸವಾಗಿದ್ದರೆ ಖಂಡಿತ ಇಳಿಯುತ್ತಿದ್ದೆ. ಮೂರನೇ ದಿನ ಪರೀಕ್ಷೆಗೆಂದು ನೀರು ತುಂಬಿ ಒತ್ತಡ ಏರಿಸಿದಾಗ ಅದೇ ಜಾಗ ಬಾಯಿ ಬಿಟ್ಟಿತು. ಕೆಳಗೆ ಬೋಲ್ಟ್ ಬಿಗಿಯುತ್ತಿದ್ದ ಫಿಟ್ಟರ್ ಮಾವನ ಎದೆಗೆ ಪೈಪೇ ಬಂದು ಬಡಿಯಿತು. ನಮ್ಮಿಬ್ಬರಿಗೂ ಸ್ಪ್ಯಾನರ್ ಹಿಡಿಯಲು ಕಲಿಸಿದ ಮನುಷ್ಯ ಅಲ್ಲೇ ಪ್ರಾಣ ಬಿಟ್ಟ.

ವಿಚಾರಣೆಯ ದಿನ ಕ್ಯಾಂಟೀನಿನ ಉದ್ದ ಮೇಜಿನ ಆ ತುದಿಗೆ ನೀನು, ಈ ತುದಿಗೆ ನಾನು. ಕೇಳಿದರು. ಒಳಗಿಳಿದು ನೋಡಿದ್ದೆ, ಆಗ ಸರಿಯಾಗಿತ್ತು ಎಂದೆ. ಹಾಗಾದರೆ ನೋಡಿದ ಮೇಲೆ ಹದಿನೇಳು ಯಾರಿಗೂ ಹೇಳದೆ ಜಾಯಿಂಟಿಗೆ ಮತ್ತೆ ಕೈ ಹಾಕಿದ್ದಾನೆ ಎಂದು ಅವರೇ ತೀರ್ಮಾನಕ್ಕೆ ಬಂದರು. ನಿನಗೇನಾದರೂ ಹೇಳುವುದಿದೆಯೇ ಎಂದಾಗ ನೀನು ನನ್ನ ಕಡೆ ಒಂದು ಸಲ ನೋಡಿದೆ. “ಇನ್ಸ್‌ಪೆಕ್ಟರ್ ಹೇಳಿದ ಮೇಲೆ ಮುಗೀತಲ್ಲ” ಎಂದೆ. ಅಷ್ಟೇ. ಆ ಮಾತಿನಲ್ಲಿ ಸಿಟ್ಟಿತ್ತೋ ಅಕ್ಕರೆಯಿತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಎರಡೂ ಇದ್ದಿರಬಹುದು. ನೀನು ಪಂಚನ್ನು ಅಮ್ಮನ ಗುಂಡಿ ಡಬ್ಬಿಯೊಳಗೆ ಹಾಕಿ ಹೊರಟುಹೋದೆ.

ಆಮೇಲೆ ಸದ್ದು ಶುರುವಾಯಿತು. ನಗಬೇಡ. ಟ್ಯಾಂಕಿನ ಹೊರಗೆ ನಿಂತು ಸೀಲು ತೆಗೆದೆನೆಂದರೆ ಒಳಗಿನಿಂದ ತಟ್ಟುತ್ತದೆ. ಮೂರೇ ಸಲ. ಟಾರ್ಚು ಹಿಡಿದು ಒಳಗಿಳಿದರೆ ಅಲ್ಲಿ ಯಾರೂ ಇರುವುದಿಲ್ಲ, ಆಗ ಹೊರಗಿನಿಂದ ತಟ್ಟುತ್ತದೆ. ಕ್ರೇನ್ ಡ್ರೈವರನಿಗೆ ಹೇಳಿದೆ. ಕಾದ ತಗಡು ತಣ್ಣಗಾಗುವಾಗ ಸದ್ದು ಮಾಡುತ್ತದೆ ಎಂದ. ತಿಂಗಳಿಂದ ಬೆಂಕಿ ಕಾಣದ ತಗಡೂ ತಟ್ಟುತ್ತದೆಯಲ್ಲ ಎಂದರೆ ಕ್ರೇನ್ ಹತ್ತಿ ಹೋದ. ನೀನು ಬದುಕಿದ್ದೀಯೆಂದು ತಿಳಿಯುವವರೆಗೆ ಅದು ನೀನೇ ಎಂದುಕೊಂಡಿದ್ದೆ. ಈಗ ಯಾರೆಂದು ಯೋಚಿಸಲು ಭಯವಾಗುತ್ತದೆ. ಈ ಭಯಕ್ಕೇ ನಾನು ಒಂದು ಜಾಯಿಂಟನ್ನೂ ಬಿಡದೆ ಮೂಗು ತಾಗಿಸಿ ನೋಡುವವಳಾಗಿದ್ದೇನೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡುವವಳು ಎಂದು ಹೊಸಬರಿಗೆ ನನ್ನನ್ನೇ ತೋರಿಸುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗಾಯಿತು ನನ್ನ ಕಥೆ.

ಫಾರ್ಮಿನ ಕೊನೆಯ ಪುಟದಲ್ಲಿ ಒಂದು ಪ್ರಶ್ನೆಯಿದೆ. ನೋಡದ ಕೆಲಸವನ್ನು ನೋಡಿದೆನೆಂದು ಎಂದಾದರೂ ಸಹಿ ಮಾಡಿದ್ದೀರಾ? ಹೌದು, ಇಲ್ಲ, ಎರಡು ಚೌಕ. ಮೂರನೇ ವರ್ಷ ‘ಇಲ್ಲ’ ಎಂದು ಗೀಚುವ ಮೊದಲು ಪೆನ್ನನ್ನು ಎರಡು ಸಲ ಕೆಳಗಿಟ್ಟಿದ್ದೆ. ಆರನೇ ವರ್ಷ ಒಂದೇ ಸಲಕ್ಕೆ ಗೀಚಿದೆ, ಅದೇ ನನಗೆ ಹೆಚ್ಚು ಹೆದರಿಕೆ. ಈ ಸಲದ್ದು ನಾಳೆಯೊಳಗೆ ಹೋಗಬೇಕು. ಪ್ರಶ್ನೆಯೊಂದನ್ನು ಬಿಟ್ಟು ಎಲ್ಲ ತುಂಬಿಟ್ಟು, ಪಕ್ಕದಲ್ಲೇ ನಿನಗೆ ಈ ಪತ್ರ ಬರೆಯುತ್ತಾ ಕೂತಿದ್ದೇನೆ. ಹಿಂದೆ ನಾಲ್ಕು ಸಲ ಬರೆದು, ವಿಳಾಸವಿಲ್ಲವೆಂಬ ನೆಪ ಹೇಳಿಕೊಂಡು ಹರಿದು ಹಾಕಿದ್ದೆ. ಈಗ ಆ ನೆಪವೂ ಇಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗ್ರಿಲ್ ಅಂಗಡಿಯಾದರೂ ಶೀಲ್ಡ್ ಮೊದಲು, ರಾಡ್ ಆಮೇಲೆ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಆರೋಗ್ಯದ ಮೇಲೆ ತೋರಿಸಬೇಡ.

ನಿನ್ನ ತಂಗಿ,
ಸೂಜಿ

ಬುಧವಾರ, ಅವಸರದಲ್ಲಿ: ‘ಹೌದು’ ಗುರುತು ಹಾಕಿ ಬೆಳಿಗ್ಗೆ ಅಂಚೆಗೆ ಹಾಕಿಬಿಟ್ಟೆ. ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಒಂದು ಪ್ರತಿ ಯಾರ್ಡಿಗೆ, ಒಂದು ಫಿಟ್ಟರ್ ಮಾವನ ಮನೆಯ ಅತ್ತೆಯ ಕೈಗೇ ಕೊಟ್ಟೆ. ಅವರು ಓದಿ ಬಾಗಿಲು ಹಾಕಿಕೊಂಡರು. ಸೀಲನ್ನೂ ಒಪ್ಪಿಸಿದೆ. ನಿನ್ನ ಪಂಚ್ ಈ ಲಕೋಟೆಯಲ್ಲಿದೆ. ಕಡೆಗೆ ಅಮ್ಮನಿಗೂ ಹೇಳಿದೆ. ಮೆಷಿನ್ ನಿಲ್ಲಿಸಿ ಒಂದೇ ಕೇಳಿದಳು, “ನೋಡು ಅಂತ ಅವನು ಹೇಳಿದ್ನಾ?” ಹೇಳಿದ್ದ ಅಂದೆ. ಎದ್ದು ಹೋಗಿ ನಿನ್ನ ತಟ್ಟೆ ತೊಳೆದು ಕೆಳಗಿಟ್ಟಳು. “ಬರೋಕೆ ಹೇಳು ಅವನಿಗೆ” ಎಂದಳು. ಈಗ ಕಿಟಕಿಯ ಹತ್ತಿರ ಕೂತು ತಾನೇ ದಾರ ಪೋಣಿಸುತ್ತಿದ್ದಾಳೆ. ದಾರ ಪ್ರತಿ ಸಲವೂ ಸೂಜಿಯ ಪಕ್ಕಕ್ಕೇ ಹೋಗುತ್ತಿದೆ, ನನ್ನನ್ನು ಮಾತ್ರ ಕರೆಯುತ್ತಿಲ್ಲ. ಬೇಗ ಬಾ.